ಗ್ರೈಂಡರ್ ಟ್ರಾನ್ಸ್‌ಫಾರ್ಮರಿನ ಮೇಲೆ ಒಂದು ಐರಿಷ್ ಬ್ಯಾಂಡು

ಐರ್ಲೆಂಡಿನಿಂದ ಬಂದ ಮೊದಲ ಇಮೇಲಿನಲ್ಲಿ ಗಿಟಾರಿಸ್ಟು ಮೈಕುಗಳ ಬಗ್ಗೆ ಕೇಳಲಿಲ್ಲ, ಕೋಣೆ ಎಷ್ಟು ದೊಡ್ಡದು ಅಂತಲೂ ಕೇಳಲಿಲ್ಲ. ಕೇಳಿದ್ದು ಒಂದೇ: ನಿಮ್ಮ ಸ್ಟುಡಿಯೋದಲ್ಲಿ ಇನ್ನೂರ ಮೂವತ್ತು ವೋಲ್ಟ್ ಸಿಗುತ್ತದೆಯೇ? ಕೆನಡಾದ ಗೋಡೆಗಳಲ್ಲಿ ಬರುವುದು ನೂರಿಪ್ಪತ್ತು. ಆದರೆ ಊರಿನಿಂದ ಗ್ರೈಂಡರ್ ಹೊತ್ತು ತಂದ ಯಾವ ಕನ್ನಡದ ಮನೆಗೆ ಹೋದರೂ ಅಡುಗೆಮನೆಯ ಮೂಲೆಯಲ್ಲಿ ಒಂದು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಕೂತಿರುತ್ತದೆ. ಇಲ್ಲಿಯ ನೂರಿಪ್ಪತ್ತನ್ನು ಅಲ್ಲಿಯ ಇನ್ನೂರ ಮೂವತ್ತಕ್ಕೆ ಏರಿಸುವ ಕಬ್ಬಿಣದ ಡಬ್ಬ. ನಮ್ಮಲ್ಲೂ ಇದೆ. ಹಿಟ್ಟಿನ ಕಲೆ ಒರೆಸಿ ತಂದರಾಯಿತು ಎಂದುಕೊಂಡು "ಖಂಡಿತ ಸಿಗುತ್ತದೆ" ಎಂದು ಬರೆದೆ. ಎಷ್ಟು ಸಲೀಸಾಗಿ ಬರೆದೆ ಎಂದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನ ಸ್ಟುಡಿಯೋ ಇರುವುದು ಮಿಲ್ಟನ್ನಿನ ಗೋದಾಮುಗಳ ಸಾಲಿನಲ್ಲಿ, ಟೈಲ್ಸ್ ಮಾರುವವರ ಪಕ್ಕದ ಯೂನಿಟ್ಟಿನಲ್ಲಿ. ಸ್ಟುಡಿಯೋ ಎಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಎರಡು ಕೋಣೆ, ನಡುವೆ ದಪ್ಪ ಗಾಜು, ನಾನೇ ಮೊಳೆ ಹೊಡೆದ ಪ್ಲೈವುಡ್, ಒಂದು ಹೀಟರು. ಹೀಟರು ಗೊರಗೊರ ಎನ್ನುವುದರಿಂದ ರೆಕಾರ್ಡಿಂಗ್ ಹೊತ್ತಿಗೆ ಆರಿಸಬೇಕು. ಆರಿಸಿದರೆ ಫೆಬ್ರವರಿಯ ಚಳಿಗೆ ಗಿಟಾರಿನ ಶ್ರುತಿ ಕದಲುತ್ತದೆ. ಇದರ ಮೇಲೆ ಪಕ್ಕದವರ ಸರಕು ಎತ್ತುವ ಫೋರ್ಕ್‌ಲಿಫ್ಟು. ಅದು ರಿವರ್ಸ್ ಬರುವಾಗಿನ ಬೀಪ್ ಬೀಪ್ ಸದ್ದು ನನ್ನ ಎಷ್ಟೋ ರೆಕಾರ್ಡಿಂಗುಗಳಲ್ಲಿ ಕರೆಯದೇ ಬಂದ ಅತಿಥಿ ಕಲಾವಿದ. ಇಲ್ಲಿಗೆ ಬರುವವರು ಹೆಚ್ಚಾಗಿ ಮದುವೆ ಹಾಡಿನವರು, ಚರ್ಚಿನ ಗಾಯಕರು, ಪಾಡ್‌ಕಾಸ್ಟಿನವರು. ಹಾಗಾಗಿ ಈ ಐರಿಷ್ ಬ್ಯಾಂಡು ಬರುತ್ತದೆ ಎಂದಾಗ ನನಗೆ ನಿಜಕ್ಕೂ ಹಿಗ್ಗಾಗಿತ್ತು.

ಅವರು ಮೂವರು. ಗಿಟಾರ್, ಬೇಸ್ ಗಿಟಾರ್, ಡ್ರಮ್ಸ್. ಹಾಡುವವರು ಯಾರೂ ಇಲ್ಲ. ಪೋಸ್ಟ್-ರಾಕ್ ಅನ್ನುತ್ತಾರೆ ಇದಕ್ಕೆ. ರಾಕ್ ವಾದ್ಯಗಳನ್ನೇ ಇಟ್ಟುಕೊಂಡು, ನಾಲ್ಕೈದು ಸ್ವರಗಳನ್ನು ಹತ್ತು ಹನ್ನೆರಡು ನಿಮಿಷ ನಿಧಾನವಾಗಿ ಬೆಳೆಸುತ್ತಾ ಹೋಗಿ, ಕೊನೆಗೆ ಕೋಣೆ ನಡುಗುವಷ್ಟು ಜೋರು ಮಾಡುವ ಸಂಗೀತ. ಸಾಹಿತ್ಯ ಇಲ್ಲದ್ದರಿಂದ ಭಾರವೆಲ್ಲ ಲಯದ ಮೇಲೆ. ಯಾವ ಕಂಪನಿಯ ಹಂಗಿಗೂ ಬೀಳದೆ, ತಾವೇ ರೆಕಾರ್ಡ್ ಮಾಡಿ, ತಾವೇ ಡಿಸ್ಕ್ ಒತ್ತಿಸಿ, ವ್ಯಾನಿನ ಹಿಂಬದಿಯಿಂದ ಮಾರಿ, ಯುರೋಪಿನ ಸಣ್ಣ ಸಣ್ಣ ಹಾಲುಗಳಲ್ಲಿ ನುಡಿಸುತ್ತಾ ಯೌವನ ಕಳೆದವರು. ಒಮ್ಮೆ ದೊಡ್ಡ ಕಂಪನಿಯೊಂದು ಕರೆಸಿ "ಒಬ್ಬ ಹಾಡುಗಾರನನ್ನ ಸೇರಿಸಿಕೊಳ್ಳಿ" ಎಂದದ್ದಕ್ಕೆ ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಬಂದರಂತೆ. ಆಮೇಲೆ ಡ್ರಮ್ಮರ್ ಕೆನಡಾದ ನರ್ಸ್ ಒಬ್ಬಳನ್ನು ಮದುವೆಯಾಗಿ ಮಿಲ್ಟನ್ನಿಗೆ ಬಂದು, ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಶಿಫ್ಟ್ ಕೆಲಸಕ್ಕೆ ಸೇರಿದ. ಬ್ಯಾಂಡು ಒಡೆಯಲಿಲ್ಲ, ನಿಂತುಹೋಯಿತು. ಈಗ ಹೊಸದಾಗಿ ಆರು ರಚನೆ ಕಟ್ಟಿಕೊಂಡು, ಡ್ರಮ್ಮರಿಗೆ ರಜೆ ಸಿಗದ್ದರಿಂದ, ಉಳಿದಿಬ್ಬರೇ ಅವನಿದ್ದಲ್ಲಿಗೆ ಬಂದಿದ್ದರು.

"ಇದು ಆದರೆ ಬ್ಯಾಂಡ್ ಇದೆ, ಆಗಲಿಲ್ಲ ಅಂದ್ರೆ ಇಲ್ಲ," ಎಂದು ಬೇಸ್ ನುಡಿಸುವಾಕೆ ಮೊದಲ ದಿನ ಕಾಫಿ ಕುಡಿಯುತ್ತಲೇ ಹೇಳಿದಳು. ಅವಳು ಮಾತಾಡುವುದೇ ಕಡಿಮೆ, ಆಡಿದರೆ ಹೀಗೆ. ಅವರ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ; ಮಾತು ಅವರದೇ.

ಇನ್ನೂರ ಮೂವತ್ತು ವೋಲ್ಟ್ ಬೇಕಾಗಿದ್ದದ್ದು ಒಂದು ಪೆಟ್ಟಿಗೆಗೆ. ಗಿಟಾರಿಸ್ಟು ಅದನ್ನು ವಿಮಾನದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ. ಹಳೆಯ ಕಾಲದ ಎಕೋ ಯಂತ್ರ. ಒಳಗೆ ಒಂದು ಲೋಹದ ಚಕ್ರ ತಿರುಗುತ್ತಿರುತ್ತದೆ. ಗಿಟಾರಿನ ಸದ್ದನ್ನು ಒಂದು ಹೆಡ್ಡು ಆ ಚಕ್ರದ ಅಂಚಿನ ಮೇಲೆ ಬರೆಯುತ್ತದೆ, ಸ್ವಲ್ಪ ದೂರದಲ್ಲಿರುವ ಇನ್ನೊಂದು ಹೆಡ್ಡು ಅದನ್ನು ಓದಿ ಮತ್ತೆ ನುಡಿಸುತ್ತದೆ. ಹಾಗಾಗಿ ಒಂದು ಸ್ವರ ಮೀಟಿದರೆ ಅದು ಮತ್ತೆ ಮತ್ತೆ, ಒಂದೇ ಅಂತರದಲ್ಲಿ, ಮಾಸುತ್ತಾ ಕೇಳುತ್ತದೆ. ಈ ಬ್ಯಾಂಡಿನ ಪದ್ಧತಿ ಏನೆಂದರೆ ಅವರಲ್ಲಿ ಯಾರೂ ಒನ್-ಟೂ-ತ್ರೀ-ಫೋರ್ ಎಂದು ಎಣಿಸಿ ಶುರು ಮಾಡುವುದಿಲ್ಲ. ಗಿಟಾರಿಸ್ಟು ಪೆಟ್ಟಿಗೆಗೆ ಒಂದು ಸ್ವರ ಹಾಕುತ್ತಾನೆ, ಆ ಮರುದನಿಯ ಅಂತರವೇ ತಾಳ. ಡ್ರಮ್ಮರ್ ಹೆಡ್‌ಫೋನಿನಲ್ಲಿ ಅದೊಂದನ್ನೇ ಜೋರಾಗಿ ಇಟ್ಟುಕೊಂಡು ಅದಕ್ಕೆ ಬಾರಿಸುತ್ತಾನೆ. ಮೊದಲ ಡಿಸ್ಕಿನಿಂದ ಹೀಗೇ. "ನಮ್ಮಲ್ಲಿ ಸುಳ್ಳು ಹೇಳದ ಮೆಂಬರ್ ಇದೊಂದೇ," ಎಂದು ಗಿಟಾರಿಸ್ಟು ಪೆಟ್ಟಿಗೆಯ ಮುಚ್ಚಳ ತಟ್ಟಿದ.

ಅವನು ನನಗೂ ನಿಯಮ ಹೇಳಿದ. ತಾಳ ತೋರಿಸುವ ಕಂಪ್ಯೂಟರಿನ ಕ್ಲಿಕ್ ಸದ್ದು ಬೇಡ. ಪರದೆಯ ಮೇಲೆ ವೇಗದ ಅಂಕಿ ತೋರಿಸಬಾರದು. ಹಳೆಯ ರೆಕಾರ್ಡಿಂಗ್ ಯಾವುದನ್ನೂ ವಾರ ಮುಗಿಯುವವರೆಗೆ ಕೇಳುವಂತಿಲ್ಲ. "ಹೀಗೆ ನುಡಿಸಿ, ಹಾಗೆ ನುಡಿಸಿ ಅನ್ನೋ ಪ್ರೊಡ್ಯೂಸರ್ ನಮಗೆ ಯಾವತ್ತೂ ಇರಲಿಲ್ಲ. ಸದ್ದು ಹಿಡಿಯೋದು ನಿನ್ನ ಕೆಲಸ. ಸಂಗೀತದ ಜಗಳ ನಾವು ನಾವೇ ಆಡ್ಕೊಳ್ತೀವಿ," ಎಂದ. ನಗುತ್ತಲೇ ಹೇಳಿದ, ಆದರೆ ಗೆರೆ ಎಳೆದದ್ದು ಗೆರೆಯೇ. ನಾನು ಟ್ರಾನ್ಸ್‌ಫಾರ್ಮರಿಗೆ ಪೆಟ್ಟಿಗೆ ಸಿಕ್ಕಿಸಿದೆ. ಕೆಂಪು ದೀಪ ಹತ್ತಿತು, ಚಕ್ರ ತಿರುಗಿತು, ಎಲ್ಲರಿಗೂ ಸಮಾಧಾನ.

ಸೋಮವಾರ ಮಧ್ಯಾಹ್ನ ಡ್ರಮ್ಮರ್ ಶಿಫ್ಟ್ ಮುಗಿಸಿ ನೇರವಾಗಿ ಬಂದ. ಎತ್ತರದ ಆಳು, ಕೋಲ್ಡ್ ಸ್ಟೋರೇಜಿನ ಚಳಿಗೆ ಬೆರಳ ಗೆಣ್ಣುಗಳೆಲ್ಲ ಒಡೆದಿದ್ದವು. ಅವರಿಬ್ಬರೂ ಐರ್ಲೆಂಡಿನ ತಮ್ಮ ಊರಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ಫೋನಿನಲ್ಲಿ ಹಿಡಿದು ಕಳಿಸಿದ್ದ ತುಣುಕುಗಳಿಗೆ ಇವನು ಇಲ್ಲಿ ತನ್ನ ಬೇಸ್‌ಮೆಂಟಿನಲ್ಲಿ ಚಳಿಗಾಲವೆಲ್ಲ ಅಭ್ಯಾಸ ಮಾಡಿದ್ದ. ರಚನೆಗಳ ಪರಿಚಯವಿರಲಿ ಎಂದು ಅವನ್ನು ನನ್ನ ಫೋನಿಗೂ ಹಾಕಿಕೊಟ್ಟ. ನಿಯಮದ ನೆನಪಾಗಿ ನಾನು ಕೇಳದೆ ಇಟ್ಟೆ.

ಮೊದಲ ಟೇಕ್. ಗಿಟಾರಿಸ್ಟು ಸ್ವರ ಹಾಕಿದ, ಪೆಟ್ಟಿಗೆ ಮರುದನಿಸಿತು, ಡ್ರಮ್ಸ್ ಸೇರಿತು. ಸೇರಿದ ನಾಲ್ಕನೇ ಹೊಡೆತಕ್ಕೇ ಎರಡೂ ಬೇರೆ ಬೇರೆ ದಿಕ್ಕು ಹಿಡಿದವು. ಗಿಟಾರಿಸ್ಟು ಕೈ ಎತ್ತಿ ನಿಲ್ಲಿಸಿದ. "ಪೆಟ್ಟಿಗೆ ಕೇಳು. ನೀನು ಹಿಂದೆ ಬೀಳ್ತಾ ಇದೀಯ."

"ಕೇಳ್ತಾ ಇದೀನಿ," ಎಂದ ಡ್ರಮ್ಮರ್. "ನಾನು ಕಲಿತಿದ್ದು ಇಷ್ಟೇ ಸ್ಪೀಡಲ್ಲಿ."

"ಕಲಿತಿದ್ದು ಬಿಡು. ಪೆಟ್ಟಿಗೆ ಕೇಳು."

ಅವನು ಕಲಿತದ್ದನ್ನು ಬಿಟ್ಟು ಪೆಟ್ಟಿಗೆಯನ್ನೇ ಹಿಡಿದು ಬಾರಿಸಿದ. ಈಗ ತಾಳವೇನೋ ಕೂಡಿತು, ಆದರೆ ಒಂದು ನಿಮಿಷ ಹೋಗುವಷ್ಟರಲ್ಲಿ ಗಿಟಾರಿಸ್ಟಿನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು. ಬೆರಳುಗಳಿಗೆ ಅಭ್ಯಾಸವಾದ ಜಾಗದಲ್ಲಿ ಜಾಗವೇ ಇಲ್ಲ. ಸ್ವರ ಅರಳುವ ಮೊದಲೇ ಮುಂದಿನ ಹೊಡೆತ ಬಂದು ನಿಂತಿರುತ್ತಿತ್ತು. "ಈಗ ಓಡ್ತಾ ಇದೀಯ. ನಿನ್ನನ್ನ ಯಾರು ಅಟ್ಟಿಸಿಕೊಂಡು ಬರ್ತಿದಾರೆ?"

ಇಡೀ ವಾರ ನಡೆದದ್ದು ಇಷ್ಟೇ. ನಿಧಾನ ಬಾರಿಸಿದರೆ ಪೆಟ್ಟಿಗೆ ಕೇಳು, ಪೆಟ್ಟಿಗೆ ಕೇಳಿದರೆ ಓಡಬೇಡ.

ನಾನು ನನಗೆ ಗೊತ್ತಿದ್ದ ಮದ್ದೆಲ್ಲ ಮಾಡಿದೆ. ಕೋಣೆ ಚಿಕ್ಕದಾದ್ದರಿಂದ ಎಕೋ ಬಿಗಿಯಾಗಿ ಕೇಳುತ್ತಿದೆ ಎಂದು ಗಿಟಾರಿಸ್ಟು ಹೇಳಿದಾಗ ಮಂಗಳವಾರ ಬೆಳಿಗ್ಗೆ ಮನೆಯಿಂದ ರಜಾಯಿ, ಕಂಬಳಿ ಎಲ್ಲ ತಂದು ಗೋಡೆಗೆ ನೇತುಹಾಕಿದೆ. ಸದ್ದು ಸತ್ತಿತು, ಸಮಸ್ಯೆ ಸಾಯಲಿಲ್ಲ. ಹೆಡ್‌ಫೋನಿಗೆ ಸದ್ದು ತಡವಾಗಿ ಹೋಗುತ್ತಿದೆಯೇನೋ ಎಂದು ಕಂಪ್ಯೂಟರನ್ನು ಬದಿಗಿಟ್ಟು ಮಿಕ್ಸರಿನಿಂದಲೇ ನೇರವಾಗಿ ಕೊಟ್ಟೆ. ಡ್ರಮ್ಸಿನ ಮೇಲಿನ ಮೈಕುಗಳನ್ನು ಇಳಿಸಿದೆ, ಏರಿಸಿದೆ. ಕೇಬಲ್ ಬದಲಿಸಿದೆ. ಬದಲಿಸುವುದಕ್ಕೆ ಇನ್ನೇನೂ ಉಳಿಯದಾದಾಗ ಅದೇ ಕೇಬಲನ್ನು ಮತ್ತೆ ಹಾಕಿದೆ. ಬುಧವಾರ ಒಂದು ಟೇಕ್ ಹೇಗೋ ದಡ ಮುಟ್ಟುವ ಹಾಗೆ ಕಂಡಿತು. ಮೂವರೂ ಅದರೊಳಗೆ ಮುಳುಗಿದ್ದರು, ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಆಗ ಪಕ್ಕದ ಫೋರ್ಕ್‌ಲಿಫ್ಟು ರಿವರ್ಸ್ ತೆಗೆದುಕೊಂಡಿತು. ನಾನು ಹೊರಗೆ ಓಡಿ, ಕೆಸರುಗಟ್ಟಿದ ಹಿಮದಲ್ಲಿ ಶೂ ಪೂರ್ತಿ ಅದ್ದಿಕೊಂಡು, ಆ ಡ್ರೈವರಿಗೆ ಕೈ ಮುಗಿದೆ. "ಸಾರಿ ಆಂಟಿ, ದಸ್ ಮಿನಿಟ್," ಎಂದ ಅವನು. ಹತ್ತು ನಿಮಿಷದ ನಂತರ ಒಳಗೆ ಯಾರಿಗೂ ಮನಸ್ಸಿರಲಿಲ್ಲ.

ಡ್ರಮ್ಮರ್ ಕುಗ್ಗುತ್ತಾ ಬಂದದ್ದನ್ನು ಗಾಜಿನ ಈಚೆಯಿಂದ ನೋಡುವುದೇ ಹಿಂಸೆ. ಸೋಮವಾರ ವಾದ ಮಾಡುತ್ತಿದ್ದವನು ಬುಧವಾರ ಬರೀ ತಲೆಯಾಡಿಸುತ್ತಿದ್ದ. ಗುರುವಾರ ಟೇಕ್ ಶುರುವಾಗುವ ಮೊದಲೇ ಸಾರಿ ಎನ್ನತೊಡಗಿದ. ಮೈಕ್ ಸರಿಮಾಡಲು ನಾನು ಒಳಗೆ ಹೋದಾಗ ಮೆಲ್ಲಗೆ ಕೇಳಿದ, "ಹೊರಗಡೆ ಕೇಳೋರಿಗೆ ನಾನು ಹೇಗೆ ಕೇಳಿಸ್ತೀನಿ? ನಿಜ ಹೇಳು."

ಚೆನ್ನಾಗಿ ಕೇಳಿಸುತ್ತೀ ಎಂದೆ. ಆದರೆ ಮನಸ್ಸಿನಲ್ಲಿ ನಾನೂ ಅವನನ್ನೇ ಅನುಮಾನಿಸುತ್ತಿದ್ದೆ. ಕೋಲ್ಡ್ ಸ್ಟೋರೇಜಿನಲ್ಲಿ ವರ್ಷಗಟ್ಟಲೆ ಸರಕು ಹೊತ್ತ ತೋಳು, ಬೆಳಗಿನ ಜಾವ ಏಳುವ ಶರೀರ. ಕೈ ಕೆಟ್ಟಿದೆ ಎಂದುಕೊಂಡೆ. ಕೇಳುವವರು ಕೇಳಬಹುದು, ಇಷ್ಟು ದೊಡ್ಡ ತಪ್ಪು ಮೂವರು ಸಂಗೀತಗಾರರಿಗೂ ಒಬ್ಬ ಎಂಜಿನಿಯರಿಗೂ ಹೇಗೆ ತಿಳಿಯಲಿಲ್ಲ ಎಂದು. ತಿಳಿಯದೇ ಏನು, ಏನೋ ತಪ್ಪಿದೆ ಎಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಆದರೆ ಅನುಮಾನಪಡಲು ಯಂತ್ರಕ್ಕಿಂತ ಹತ್ತಿರದಲ್ಲೇ ಒಬ್ಬ ಮನುಷ್ಯ ಸಿಕ್ಕಿದ್ದ.

ಶುಕ್ರವಾರ ಬೇಗ ಮುಗಿಸಿದೆವು. ಪಾರ್ಕಿಂಗಿನಲ್ಲಿ ಗಿಟಾರಿಸ್ಟು ಸಿಗರೇಟು ಹಚ್ಚಿ ನನ್ನ ಕಾರಿಗೆ ಒರಗಿ ನಿಂತ. ಡ್ರಮ್ಮರಿನ ಗಾಡಿ ತಿರುವು ದಾಟಿ ಮರೆಯಾಗುವವರೆಗೂ ಕಾದ.

"ಇಲ್ಲಿ ಒಳ್ಳೆ ಡ್ರಮ್ಮರ್ ಯಾರಾದ್ರೂ ಗೊತ್ತಾ? ಬೇಗ ಹಿಡ್ಕೊಳ್ಳೋರು. ಭಾನುವಾರ ಒಂದೇ ದಿನ."

"ಅವನಿಗೆ ಏನು ಹೇಳ್ತೀರಿ?"

"ನಾನು ಹೇಳ್ತೀನಿ. ನಾಳೆ." ಅವನ ಕಣ್ಣು ಕೆಂಪಾಗಿತ್ತು. "ಇವನಿಗೋಸ್ಕರಾನೇ ಸಮುದ್ರ ದಾಟಿ ಬಂದಿದ್ದು ಕಣೆ. ನನಗೇನು ಖುಷಿನಾ?"

ಖುಷಿ ಇರಲಿಲ್ಲ, ಅದು ಕಾಣುತ್ತಿತ್ತು. ಸ್ಕಾರ್‌ಬರೋದಲ್ಲಿ ಒಬ್ಬ ಹುಡುಗನಿದ್ದಾನೆ, ಏನು ಕೊಟ್ಟರೂ ಅರ್ಧ ಗಂಟೆಯಲ್ಲಿ ಕಲಿತು ಬಾರಿಸುತ್ತಾನೆ. ನಾಳೆ ಮಧ್ಯಾಹ್ನದೊಳಗೆ ಕೇಳಿ ಹೇಳುತ್ತೇನೆ ಎಂದೆ. ಹೇಳಿದ ಮೇಲೆ ಬಾಯೆಲ್ಲ ಕಹಿಯಾಯಿತು.

ಹೊರಡುವಾಗ ಟ್ರಾನ್ಸ್‌ಫಾರ್ಮರನ್ನು ಕಾರಿಗೆ ಹಾಕಿಕೊಂಡೆ. ಭಾನುವಾರ ಕನ್ನಡ ಕೂಟದ ತಿಂಡಿಗೆ ನಮ್ಮ ಮನೆಯಿಂದ ಇಡ್ಲಿ ಹಿಟ್ಟು ಎಂದು ನನ್ನ ಗಂಡ ಒಪ್ಪಿಕೊಂಡುಬಿಟ್ಟಿದ್ದರು. ವಾರದಿಂದ ಗ್ರೈಂಡರ್ ಮೂಕವಾಗಿ ಕೂತಿದೆ ಎಂದು ದಿನಾ ಫೋನು.

ಶನಿವಾರ ಬೆಳಿಗ್ಗೆ ನಾನು ಸ್ಕಾರ್‌ಬರೋ ಹುಡುಗನ ನಂಬರ್ ತೆಗೆದು, ಒತ್ತಲೋ ಬೇಡವೋ ಎಂದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದೆ. ಗ್ರೈಂಡರ್ ತಿರುಗುತ್ತಿತ್ತು. ಗಂಡ ಬಗ್ಗಿ ಹಿಟ್ಟು ಮುಟ್ಟಿ ನೋಡಿದರು. "ಏ, ಬಿಸಿ ಆಗ್ತಿದೆ ಕಣೆ. ಐಸ್ ಎಲ್ಲಿ?"

ಮಗಳು ಫ್ರಿಜ್ ತೆರೆದು ನೋಡಿ, "ಫ್ರೀಜರ್ ಈಸ್ ಎಂಪ್ಟಿ, ಅಮ್ಮ. ಯು ಫರ್ಗಾಟ್ ಟು ಫಿಲ್ ದ ಟ್ರೇ," ಎಂದಳು.

"ಐಸ್ ಇಲ್ದೆ ಈ ಗ್ರೈಂಡರಲ್ಲಿ ಮುಗೀತು. ಹಿಟ್ಟು ಬೆಂದೇ ಹೋಗುತ್ತೆ," ಎಂದು ಗಂಡ ಸ್ವಿಚ್ ಆರಿಸಿದರು. "ಮೈಸೂರಲ್ಲಿ ಇದೇ ಗ್ರೈಂಡರಿಗೆ ಅಮ್ಮ ಒಂದು ದಿನಾನೂ ಐಸ್ ಹಾಕಲಿಲ್ಲ. ಇಲ್ಲಿಗೆ ಬಂದಮೇಲೇ ಇದಕ್ಕೆ ಹುಚ್ಚು ಹಿಡಿದಿದ್ದು."

ಅವರು ಇದನ್ನು ಪ್ರತಿ ಸಲ ಹೇಳುತ್ತಾರೆ. ಆ ದಿನ ಮಾತ್ರ ಅದು ನನ್ನ ಕಿವಿಯೊಳಗೆ ಇಳಿಯಿತು. ನಾನು ಫೋನನ್ನು ಕಟ್ಟೆಯ ಮೇಲೆ ಇಟ್ಟು, ತಿರುಗದೆ ನಿಂತ ಗ್ರೈಂಡರಿನ ಕಲ್ಲನ್ನೇ ನೋಡಿದೆ. ಗ್ರೈಂಡರಿಗೆ ಇಲ್ಲಿ ಐಸ್ ಯಾಕೆ ಬೇಕು ಎಂದು ನನಗೆ ಗೊತ್ತಿತ್ತು. ಬಂದ ವರ್ಷವೇ ಧಾರವಾಡದ ಕಡೆಯ ಹಿರಿಯರೊಬ್ಬರು ಹೇಳಿದ್ದರು. ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು, ಓಕ್‌ವಿಲ್ಲಿನಲ್ಲಿದ್ದಾರೆ. ಖಚಿತವಾಗಲಿ ಎಂದು ಅವರಿಗೇ ಫೋನ್ ಮಾಡಿದೆ.

"ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಅಷ್ಟ ಬದಲ ಮಾಡತದವಾ," ಎಂದರು. "ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದ ಮುಂದ ಆಗತದ, ಅದು ಬದಲ ಆಗಂಗಿಲ್ಲ. ನಮ್ಮ ಊರಾಗ ಐವತ್ತು, ಇಲ್ಲೆ ಅರವತ್ತು. ಮೋಟಾರು ಅದನ್ನ ನೋಡಿ ತಿರಗತದ. ಅಲ್ಲೆ ಐದು ಸುತ್ತು ಹಾಕೂ ಹೊತ್ತಿನಾಗ ಇಲ್ಲೆ ಆರು ಹಾಕತದ. ಯಾಕ, ಗ್ರೈಂಡರ್ ಸುಟ್ಟಿತೇನು?"

"ಐರ್ಲೆಂಡಲ್ಲಿ ಎಷ್ಟು ಸರ್?"

"ಯುರೋಪು ಎಲ್ಲಾ ನಮ್ಮಂಗ. ಐವತ್ತು."

ಗಿಟಾರಿಸ್ಟಿನ ಪೆಟ್ಟಿಗೆಯ ಚಕ್ರವನ್ನು ತಿರುಗಿಸುವುದೂ ಅಂಥದೇ ಮೋಟಾರು. ವೇಗ ಬದಲಿಸುವ ಗುಂಡಿ ಕೂಡ ಇಲ್ಲ, ಗೋಡೆಯ ಕರೆಂಟು ಹೇಳಿದ ವೇಗವೇ ಅದಕ್ಕೆ ವೇಗ. ಟೇಪ್ ರೆಕಾರ್ಡರ್ ಆಗಿದ್ದರೆ ಊರಿನಲ್ಲಿ ಹಿಡಿದದ್ದು ಇಲ್ಲಿ ಸ್ವರ ಏರಿಸಿಕೊಂಡು ಕೇಳಿ ಮೊದಲ ನಿಮಿಷಕ್ಕೇ ಗುಟ್ಟು ಬಯಲಾಗುತ್ತಿತ್ತು. ಇದು ಬರೆಯುವುದೂ ಓದುವುದೂ ಅದೇ ವೇಗದಲ್ಲಿ, ಹಾಗಾಗಿ ಸ್ವರ ಕದಲುವುದಿಲ್ಲ. ಮರುದನಿಯ ಅಂತರ ಮಾತ್ರ ಕಿರಿದಾಗುತ್ತದೆ. ನಾನು ಎಲೆಕ್ಟ್ರಾನಿಕ್ಸ್ ಓದಿದವಳು. ವರ್ಷಗಳಿಂದ ವಾರಕ್ಕೊಮ್ಮೆ ಇದೇ ಟ್ರಾನ್ಸ್‌ಫಾರ್ಮರ್ ಹಾಕಿ, ಹಿಟ್ಟಿಗೆ ಐಸ್ ಸುರಿಯುತ್ತಾ ಬಂದವಳು. ಕೋಪ ಯಾರ ಮೇಲೆ ಮಾಡುವುದು ತಿಳಿಯದೆ ಗಂಡನ ಮೇಲೆ ರೇಗಿದೆ. ಅರೆಬರೆ ರುಬ್ಬಿದ ಹಿಟ್ಟನ್ನು ಮಿಕ್ಸಿಗೆ ಹಾಕಿಕೊಳ್ಳಿ ಎಂದು ಹೇಳಿ ಟ್ರಾನ್ಸ್‌ಫಾರ್ಮರ್ ಕಿತ್ತುಕೊಂಡು ಹೊರಟೆ.

ಸ್ಟುಡಿಯೋದಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆ ಚಾಲೂ ಮಾಡಿ, ಗಿಟಾರಿನ ಒಂದು ತಂತಿ ಮೀಟಿ, ಮರುದನಿಗಳನ್ನು ಹಿಡಿದೆ. ಡ್ರಮ್ಮರ್ ಕೊಟ್ಟಿದ್ದ ಊರಿನ ತುಣುಕನ್ನು ಫೋನಿನಿಂದ ಪಕ್ಕದ ಟ್ರ್ಯಾಕಿಗೆ ಹಾಕಿದೆ. ಹಳೆಯದನ್ನು ಕೇಳಬಾರದು, ವೇಗವನ್ನು ಪರದೆಯಲ್ಲಿ ನೋಡಬಾರದು ಎಂಬ ಅವರ ಎರಡು ನಿಯಮಗಳನ್ನು ಒಟ್ಟಿಗೆ ಮುರಿದಂತಾಯಿತು. ಎರಡೂ ಅಲೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಅಳೆಯುವುದೇ ಬೇಕಿರಲಿಲ್ಲ. ಮೇಲೆ ಊರಿನ ಸಾಲಿನಲ್ಲಿ ಐದು ಗುಡ್ಡ ಇರುವ ಜಾಗದಲ್ಲಿ ಕೆಳಗೆ ಇಲ್ಲಿಯ ಸಾಲಿನಲ್ಲಿ ಆರು.

ಗಿಟಾರಿಸ್ಟು ಮೊದಲು ಬಂದ. "ಕೇಳಿದೆಯಾ ಆ ಹುಡುಗನ್ನ?" ಎಂದ.

ಇವನಿಗೊಬ್ಬನಿಗೇ ಆಗ ತೋರಿಸಿಬಿಟ್ಟಿದ್ದರೆ ನನಗೆ ಸುಲಭವಿತ್ತು. ಅವನು ಗುಟ್ಟಾಗಿ ಸರಿಮಾಡಿಕೊಳ್ಳುತ್ತಿದ್ದ, ಡ್ರಮ್ಮರಿಗೆ 'ಇವತ್ತು ಚೆನ್ನಾಗಿ ಬಾರಿಸಿದೆ' ಎನ್ನುತ್ತಿದ್ದ, ಎಲ್ಲರ ಮಾನವೂ ಉಳಿಯುತ್ತಿತ್ತು. ಡ್ರಮ್ಮರ್ ಮಾತ್ರ ತನ್ನ ಕೈ ಕೆಟ್ಟಿತ್ತು ಎಂದೇ ಜೀವನಪೂರ್ತಿ ನಂಬಿಕೊಂಡು ಇರುತ್ತಿದ್ದ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. "ಮೂವರೂ ಬರಲಿ, ಆಮೇಲೆ ಹೇಳ್ತೀನಿ," ಎಂದೆ. ಇನ್ನೊಂದು ಸಲ ಕೇಳಿದ. "ಬರಲಿ," ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, ಹೊರಗೆ ಸಿಗರೇಟಿಗೆ ಹೋದ.

ಡ್ರಮ್ಮರ್ ಶಿಫ್ಟಿನಿಂದ ಬಂದಾಗ ಮೂವರನ್ನೂ ಪರದೆಯ ಮುಂದೆ ಕೂರಿಸಿದೆ. ಊರಿನ ತುಣುಕು ಕೇಳಿಸಿದೆ. ಇಲ್ಲಿಯದು ಕೇಳಿಸಿದೆ. ಎರಡನ್ನೂ ಒಟ್ಟಿಗೆ ಹಾಕಿದೆ. ಒಂದು ನಡೆಯುತ್ತಿತ್ತು, ಇನ್ನೊಂದು ಅದರ ಪಕ್ಕದಲ್ಲಿ ಓಡುತ್ತಿತ್ತು. ಆಮೇಲೆ ಗ್ರೈಂಡರ್, ಐಸು, ಐವತ್ತು, ಅರವತ್ತು ಎಲ್ಲವನ್ನೂ ಹೇಳಿದೆ.

ಬೇಸ್ ನುಡಿಸುವಾಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಗಿಟಾರಿಸ್ಟು ನನ್ನ ಮೇಲೇ ತಿರುಗಿದ. "ಟ್ರಾನ್ಸ್‌ಫಾರ್ಮರ್ ಕೊಟ್ಟಿದ್ದು ನೀನು."

"ಹೌದು, ನಾನೇ," ಎಂದೆ. "ನೀವು ವೋಲ್ಟು ಕೇಳಿದ್ರಿ, ವೋಲ್ಟು ಕೊಟ್ಟೆ. ಮುಂದಿನದು ಯೋಚಿಸಲಿಲ್ಲ. ನನ್ನನ್ನ ಬೈದ್ರೂ ಸರಿ."

ಅವನು ಬೈಯಲಿಲ್ಲ. ಡ್ರಮ್ಮರ್ ಪರದೆಯ ಮೇಲಿನ ಎರಡು ಸಾಲುಗಳನ್ನು ನೋಡುತ್ತಲೇ ಕೇಳಿದ, "ಹಾಗಾದ್ರೆ ಸೋಮವಾರ ನಾನು ಸರಿ ಇದ್ದೆ."

"ಸರಿ ಇದ್ದೆ," ಎಂದೆ.

"ಆಮೇಲೆ ಪೆಟ್ಟಿಗೆ ಕೇಳಿದೆ. ಆಗಲೂ ಸರಿ ಇದ್ದೆ."

"ಆಗಲೂ."

ಅವನು ಗಿಟಾರಿಸ್ಟಿನ ಕಡೆ ತಿರುಗಿದ. ಸಿಟ್ಟು ಕಾಣಲಿಲ್ಲ. ಸಿಟ್ಟಾಗಿದ್ದರೆ ವಾಸಿ ಇತ್ತು. "ಇಷ್ಟು ವರ್ಷ ಜೊತೆಗಿದ್ದು, ನನಗಿಂತ ನಿನಗೆ ಒಂದು ಮೋಟಾರಿನ ಮೇಲೆ ಹೆಚ್ಚು ನಂಬಿಕೆ," ಎಂದು ಹೇಳಿ, ಎದ್ದು, ಜಾಕೆಟ್ ಹಾಕಿಕೊಂಡು ಹೊರಟುಹೋದ. ಆ ದಿನ ಮತ್ತೆ ಬರಲಿಲ್ಲ. ಫೋನೂ ಎತ್ತಲಿಲ್ಲ.

ಕೈಲಿ ಉಳಿದಿದ್ದದ್ದು ಭಾನುವಾರ ಒಂದೇ. ನಾನು ಓಕ್‌ವಿಲ್ಲಿನ ಹಿರಿಯರಿಗೆ ಮತ್ತೆ ಫೋನ್ ಮಾಡಿದೆ. ಅವರು ಒಂದು ದಾರಿ ಹೇಳಿದರು: ಮೋಟಾರಿನ ತಿರುಗುವ ಕಡ್ಡಿಯ ಮೇಲೆ ಒಂದು ಹಿತ್ತಾಳೆಯ ಬಳೆ ಇರುತ್ತದೆ, ಚಕ್ರ ತಿರುಗುವುದು ಅದನ್ನು ಉಜ್ಜಿಕೊಂಡು. ಅದನ್ನು ಸ್ವಲ್ಪ ಸಣ್ಣದಾಗಿ ಕಡೆದು ಹಾಕಿದರೆ ವೇಗ ಊರಿನ ಲೆಕ್ಕಕ್ಕೆ ಇಳಿಯುತ್ತದೆ. ಅವರ ಗ್ಯಾರೇಜಿನಲ್ಲಿ ಸಣ್ಣ ಲೇತ್ ಇದೆ. "ಮಾಡಿ ಕೊಡತೇನಿ, ಆದ್ರ ಭಾನುವಾರ ಆಗಂಗಿಲ್ಲವಾ, ಬೆಲ್ಟ್ ಹರದದ. ಬರೂ ವಾರ," ಎಂದರು. ಬರುವ ವಾರ ಇವರು ಐರ್ಲೆಂಡಿನಲ್ಲಿರುತ್ತಾರೆ. ನನಗೆ ಅಳು ಬರುವುದೊಂದು ಬಾಕಿ.

ಭಾನುವಾರ ಬೆಳಿಗ್ಗೆ ಗಿಟಾರಿಸ್ಟು ಪೆಟ್ಟಿಗೆಯ ಮುಚ್ಚಳ ಬಿಚ್ಚಿಟ್ಟುಕೊಂಡು ಸುಮ್ಮನೆ ನೋಡುತ್ತಾ ಕೂತಿದ್ದ. ನಾನು ಧೈರ್ಯ ಮಾಡಿ ಗೆರೆ ದಾಟಿದೆ. "ಇದನ್ನ ಆರಿಸಿಡಿ. ಎಕೋ ಇಲ್ಲದೆ ಬರಿ ಗಿಟಾರ್ ನುಡಿಸಿ, ನಾನು ಹಿಡೀತೀನಿ. ಊರಿಗೆ ಹೋದಮೇಲೆ ಆ ಟ್ರ್ಯಾಕನ್ನ ನಿಮ್ಮ ಕರೆಂಟಲ್ಲಿ, ಈ ಪೆಟ್ಟಿಗೆ ಮೂಲಕ ಹಾಯಿಸಿ. ಎಕೋ ಆಗ ಬರುತ್ತೆ, ಸರಿಯಾದ ವೇಗದಲ್ಲಿ."

"ಆಗಲ್ಲ," ಎಂದ. "ಅದು ಮೇಲಿಂದ ಬಳಿಯೋ ಬಣ್ಣ ಅಲ್ಲ. ನಾನು ನುಡಿಸೋದೇ ಅದರ ಜೊತೆ. ಅದಿಲ್ಲದೆ ಯಾರ ಜೊತೆ ನುಡಿಸಲಿ?"

"ನಮ್ಮ ಜೊತೆ," ಎಂದಳು ಬೇಸ್ ನುಡಿಸುವಾಕೆ. ವಾರದಲ್ಲಿ ಅವಳು ದನಿ ಎತ್ತಿದ್ದು ಅದೊಂದೇ ಸಲ.

ಅಷ್ಟು ಹೊತ್ತಿಗೆ ಬಾಗಿಲು ಸದ್ದಾಯಿತು. ಡ್ರಮ್ಮರ್ ಬಂದಿದ್ದ. ಕೆಲಸದ ಬಟ್ಟೆಯಲ್ಲೇ ಇದ್ದ. ಯಾರದೋ ಬದಲಿಗೆ ಸಂಜೆಯ ಶಿಫ್ಟ್ ಒಪ್ಪಿಕೊಂಡಿದ್ದನಂತೆ, ಅಲ್ಲಿಯವರೆಗೆ ಮಾತ್ರ ಇರುತ್ತೇನೆ ಎಂದ. ಯಾರ ಮುಖವನ್ನೂ ನೋಡದೆ ಡ್ರಮ್ಸಿನ ಹಿಂದೆ ಕೂತ. ಹೆಡ್‌ಫೋನ್ ತಲೆಗೆ ಹಾಕಿಕೊಂಡು, ತಟ್ಟಿ ನೋಡಿ, "ಪೆಟ್ಟಿಗೆ ಬರ್ತಿಲ್ಲ," ಎಂದ.

"ಇವತ್ತು ಪೆಟ್ಟಿಗೆ ಇಲ್ಲ," ಎಂದೆ ಗಾಜಿನ ಈಚೆಯಿಂದ.

ಹೀಟರ್ ಆರಿಸಿದೆ. ಭಾನುವಾರವಾದ್ದರಿಂದ ಪಕ್ಕದ ಗೋದಾಮು ಮುಚ್ಚಿತ್ತು. ನಾನು ಕೆಂಪು ದೀಪ ಹಾಕಿದೆ. ಯಾರೂ ಶುರು ಮಾಡಲಿಲ್ಲ. ಶುರು ಮಾಡುವುದು ಹೇಗೆಂದು ಅವರಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಪ್ರತಿಯೊಂದಕ್ಕೂ ಪೆಟ್ಟಿಗೆಯೇ ಬಾಗಿಲು ತೆರೆದಿತ್ತು. ಗಿಟಾರಿಸ್ಟು ತಂತಿಯ ಮೇಲೆ ಬೆರಳಿಟ್ಟು, ತೆಗೆದು, ಮತ್ತೆ ಇಟ್ಟ. ಕೊನೆಗೆ ಡ್ರಮ್ಮರಿನ ಕಡೆ ತಿರುಗಿ, "ನೀನು ಎಣಿಸು," ಎಂದ.

ಡ್ರಮ್ಮರ್ ಕೋಲುಗಳನ್ನು ಎತ್ತಿ ಒಂದಕ್ಕೊಂದು ತಟ್ಟಿದ, ನಾಲ್ಕು ಸಲ, ನಿಧಾನವಾಗಿ.

ಆ ವೇಗ ಊರಿನ ತುಣುಕಿನದೇ. ಆಮೇಲೆ ಸಾಲುಗಳನ್ನು ಹೊಂದಿಸಿ ನೋಡಿದಾಗ ಗೊತ್ತಾಯಿತು, ಅದೆಲ್ಲವೂ ಅವನ ಕೈಯಲ್ಲೇ ಇತ್ತು. ಸಂಜೆ ಅವನು ಶಿಫ್ಟಿಗೆ ಹೊರಡುವಷ್ಟರಲ್ಲಿ ಆರರಲ್ಲಿ ನಾಲ್ಕು ರಚನೆ ಮುಗಿದಿತ್ತು. ಎರಡು ಆಗಲೇ ಇಲ್ಲ. ನಾವು ಕಳೆದುಕೊಂಡ ದಿನಗಳ ಲೆಕ್ಕಕ್ಕೆ ಆ ಎರಡು ಹೋದವು, ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಹಿಡಿದದ್ದನ್ನು ಕೇಳಿಸಿಕೊಂಡು ಹೋಗು ಎಂದರೆ ಡ್ರಮ್ಮರ್ ಲೇಟಾಯಿತು ಎಂದ. ಗಿಟಾರಿಸ್ಟು ಅವನ ಹಿಂದೆಯೇ ಪಾರ್ಕಿಂಗಿಗೆ ಹೋದ, ಕಾರಿನ ಕಿಟಕಿಗೆ ಬಗ್ಗಿ ಏನೋ ಹೇಳಲು ನೋಡಿದ. ಕಿಟಕಿ ಇಳಿಯಿತೋ ಇಲ್ಲವೋ ನನಗೆ ಇಲ್ಲಿಂದ ಕಾಣಲಿಲ್ಲ.

ಅವರು ಹೋದ ಮೇಲೆ ನಾನು ಎಲ್ಲ ವಾದ್ಯಗಳ ಸದ್ದನ್ನು ಹದವಾಗಿ ಕೂಡಿಸಿ ಮಿಕ್ಸ್ ಮಾಡಲು ಕೂತೆ. ಮಿಕ್ಸಿನಲ್ಲಿ ಎಂಜಿನಿಯರ್ ಮಾಡುವ ಮೊದಲ ಕೆಲಸ ತುದಿ ಸ್ವಚ್ಛ ಮಾಡುವುದು. ಶುರುವಿನ ಕೆಮ್ಮು, ಕುರ್ಚಿಯ ಕಿರಿಕಿರಿ, ಕೋಲಿನ ಎಣಿಕೆ ಎಲ್ಲ ಕತ್ತರಿಸಿ ಬಿಸಾಡುತ್ತೇವೆ. ಅಭ್ಯಾಸದ ಮೇಲೆ ನಾನೂ ಕತ್ತರಿಸಿಯೇ ಐರ್ಲೆಂಡಿಗೆ ಕಳಿಸಿದೆ. ಗಿಟಾರಿಸ್ಟು ಊರಿನಲ್ಲಿ ಪೆಟ್ಟಿಗೆಯಿಂದ ಹಾಯಿಸಿ ಸೇರಿಸಿದ್ದ ಎಕೋ ಜೊತೆಗೆ ಉತ್ತರ ಬಂತು. ಉದ್ದ ಪತ್ರವಿರುತ್ತದೇನೋ ಎಂದುಕೊಂಡರೆ ಒಂದೇ ಸಾಲು. ಮೊದಲ ರಚನೆಯ ಶುರುವಿನ ನಾಲ್ಕು ಹೊಡೆತ ಎಲ್ಲಿ, ಅದನ್ನು ವಾಪಸ್ ಇಡು.

ಇಟ್ಟೆ. ಮುಗಿದ ಮಿಕ್ಸನ್ನು ಫೋನಿನಲ್ಲಿ ಹಾಕಿಕೊಂಡು ಡ್ರಮ್ಮರಿನ ಕೋಲ್ಡ್ ಸ್ಟೋರೇಜಿಗೆ ಹೋದೆ. ಊಟದ ಬ್ರೇಕಿನಲ್ಲಿ ಅವನು ದಪ್ಪ ಜಾಕೆಟ್ಟಿನಲ್ಲೇ ಬಂದು ನನ್ನ ಕಾರಿನಲ್ಲಿ ಕೂತ. ಕೈ ಬೆಚ್ಚಗಾಗಲಿ ಎಂದು ಹೀಟರಿನ ಮುಂದೆ ಹಿಡಿದ. ಗಿಟಾರಿಸ್ಟಿನ ಆ ಒಂದು ಸಾಲನ್ನು ತೋರಿಸಿದೆ. ಓದಿ ಫೋನನ್ನು ವಾಪಸ್ ಕೊಟ್ಟ. ನಾನು ಹಾಡು ಹಾಕಿದೆ.

ಟಕ್, ಟಕ್, ಟಕ್, ಟಕ್. ಗಿಟಾರ್ ಶುರುವಾಯಿತು. ಅವನು ಕೈ ಚಾಚಿ ಫೋನ್ ತೆಗೆದುಕೊಂಡು ನಿಲ್ಲಿಸಿದ. ಹಿಡಿಸಲಿಲ್ಲವೇನೋ ಎಂದುಕೊಂಡೆ. ಮತ್ತೆ ಮೊದಲಿನಿಂದ ಹಾಕಿದ. ನಾಲ್ಕು ಹೊಡೆತ ಮುಗಿದು ಗಿಟಾರ್ ಬರುತ್ತಿದ್ದಂತೆ ಮತ್ತೆ ನಿಲ್ಲಿಸಿದ. ಬ್ರೇಕ್ ಮುಗಿಯುವವರೆಗೂ ಅಷ್ಟನ್ನೇ ಕೇಳಿದ. ಮುಂದಿನ ಹಾಡಿಗೆ ನಾವು ಹೋಗಲೇ ಇಲ್ಲ.